ದುರುಗವ್ವ ಏರು ಹತ್ತಿಸಿದ ಕಾರು

ಬಲು ಹಿಂದಿನ ಮಾತು. ಯಾವ ವರ್ಷ ಅಂತ ಕೇಳಬೇಡಿ, ಲೆಕ್ಕ ಇಟ್ಟವರು ಯಾರೂ ಉಳಿದಿಲ್ಲ. ಹಿರೇಮಡ್ಡಿ ಅಂತ ಒಂದು ಊರು. ಊರು ಗುಡ್ಡದ ಮೇಲೆ, ಕೇರಿ ಗುಡ್ಡದ ಬುಡದಲ್ಲಿ. ಕೇರಿಯಿಂದ ಹೊರಗೆ ಹೋಗಲು ಗಾಡಿದಾರಿ ಒಂದೇ, ಅದು ದೊಡ್ಡಮನೆಯ ಮುಂದಿನ ಏರು. ಆ ಏರಿನಲ್ಲಿ ಕೇರಿಯವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಮದುಮಗಳಾದರೂ ಅಷ್ಟೆ, ಬಾಣಂತಿಯಾದರೂ ಅಷ್ಟೆ. ಯಾರು ಮಾಡಿದ ಕಟ್ಟಳೆ ಅಂದರೆ ಹಿಂದಿನವರು ಅನ್ನುತ್ತಿದ್ದರು. ಹಿಂದಿನವರಿಗೆ ಬೇರೆ ಕೆಲಸ ಇರಲಿಲ್ಲ ಅಂತ ಕಾಣುತ್ತದೆ.

ಆ ಕೇರಿಯಲ್ಲಿ ದುರುಗವ್ವ ಅಂತ ಒಬ್ಬಳಿದ್ದಳು. ಗಂಡ ಬದುಕಿದ್ದಾಗ ಅವನ ಜೊತೆ ಲಾರಿ ರಿಪೇರಿ ಕಲಿತವಳು, ಅವನು ಹೋದ ಮೇಲೆ ಹೆದ್ದಾರಿ ಬದಿಯ ಶೆಡ್ಡನ್ನು ಬಿಡದೆ ನಡೆಸಿದವಳು. ಗುಡ್ಡದಾಚೆ ಲಾರಿ ಕೆಮ್ಮಿದರೆ ಸಾಕು, ಅದು ಶೆಡ್ಡಿಗೆ ಬರುವಷ್ಟರಲ್ಲಿ ಬೇಕಾದ ಸ್ಪ್ಯಾನರ್ ಹಿಡಿದು ನಿಂತಿರುತ್ತಿದ್ದಳು ಅಂತಾರೆ. ಅವಳ ಬೈಗುಳಕ್ಕೆ ಹೆದರಿ ಕೆಟ್ಟ ಟ್ರ್ಯಾಕ್ಟರ್ ತಾನಾಗಿಯೇ ಸ್ಟಾರ್ಟ್ ಆಯಿತು ಅಂತಲೂ ಅಂತಾರೆ. ಟ್ರ್ಯಾಕ್ಟರಿನ ಮಾತು ಬಿಡಿ, ಬೈಗುಳದ ಮಾತು ಮಾತ್ರ ನಿಜ.

ಕೇರಿಯ ತಿಪ್ಪಯ್ಯನ ಮಗಳು ಪಾಲಕ್ಕನಿಗೆ ಆಚೆ ಊರಿನ ಗಂಡು ಗೊತ್ತಾಯಿತು. ಹುಡುಗಿಯ ಸೋದರಮಾವ ಓಬಳೇಶಿ, ಗಣಿ ಸಾಹುಕಾರರೊಬ್ಬರ ಡ್ರೈವರು. ಸಾಹುಕಾರರು ಹೊಸದು ಕೊಂಡಾಗ ಹಳೆಯ ಕಾರನ್ನು ಇವನು ತನ್ನದು ಮಾಡಿಕೊಂಡಿದ್ದ. ಹಳೆಯದು ಅಂದರೆ ಅಂತಿಂಥದ್ದಲ್ಲ, ಕೆನೆಬಣ್ಣದ ಫಾರಿನ್ ಕಾರು, ಒಳಗೆ ಕೂತರೆ ಎದ್ದು ಬರಲು ಮನಸ್ಸಾಗದ ಮೆತ್ತನೆ ಸೀಟು. ಅಕ್ಕನ ಮಗಳನ್ನು ಅದರಲ್ಲೇ ಕೂರಿಸಿ ಆ ಏರು ಹತ್ತಿಸುತ್ತೇನೆ ಅಂತ ಅವನು ಪಣ ತೊಟ್ಟ. ಮದುವೆಯ ಹಿಂದಿನ ದಿನ ಮಧ್ಯಾಹ್ನ, ದೊಡ್ಡಮನೆ ಉಂಡು ಮಲಗಿದ ಹೊತ್ತು ನೋಡಿ ಏರು ಇಳಿದು ಕೇರಿಗೆ ಬಂದ. ಹೆಂಗಸರು ಆರತಿ ಎತ್ತಿದರು, ಕಾರಿಗೆ ದೃಷ್ಟಿ ತೆಗೆದರು. ಮುದುಕಿ ಹನುಮಕ್ಕ, ಪಾಲಕ್ಕನ ಅಜ್ಜಿ, ಮನೆಗೆ ಬಂದ ಸೊಸೆಯನ್ನು ಸವರುವ ಹಾಗೆ ಅದನ್ನು ಸವರಿದಳು.

ಆಮೇಲೆ ಓಬಳೇಶಿ ತಿಪ್ಪಯ್ಯನನ್ನು ಕೂರಿಸಿಕೊಂಡು, ಒಂದು ಸಲ ನೋಡಿಯೇ ಬಿಡೋಣ ಅಂತ ಏರಿಗೆ ಹೊರಟ. ಅರ್ಧ ದಾರಿ, ಸರಿಯಾಗಿ ದೊಡ್ಡಮನೆಯ ಬಾಗಿಲ ಮುಂದೆ, ರೇಸ್ ಕೊಟ್ಟರೆ ಕಾರು ಮುಗ್ಗರಿಸಿತು. ಇನ್ನೂ ಒತ್ತಿದ. ಅದು ಗುಕ್ಕುಗುಕ್ಕಾಗಿ ಕೆಮ್ಮಿ, ಕರೀ ಹೊಗೆ ಉಗುಳಿ, ನಿಂತೇ ಹೋಯಿತು. ಅಷ್ಟು ದೂರದಿಂದ ಹಾಯಾಗಿ ಬಂದ ಗಾಡಿ ಅಲ್ಲೇ ನಿಂತಿತು.

ಬಾಗಿಲ ಪಕ್ಕದ ಕಟ್ಟೆಯ ಮೇಲಿದ್ದವರು ಹೊಟ್ಟೆ ಹಿಡಿದು ನಕ್ಕರು. ದೊಡ್ಡಮನೆಯ ದ್ಯಾಮನಗೌಡ ಮಾತ್ರ ನಗಲಿಲ್ಲವಂತೆ. ಯಂತ್ರಕ್ಕೂ ಇದು ಯಾರ ಬೀದಿ ಅಂತ ಗೊತ್ತಿದೆ, ನಿಮಗೆ ಗೊತ್ತಿಲ್ಲ ಅಂದನಂತೆ. ನಾಳೆ ಹುಡುಗಿ ನಡೆದೇ ಹೋಗಲಿ, ಕಾರನ್ನು ಬೇಕಾದರೆ ಎತ್ತು ಕಟ್ಟಿ ಅವಳ ಹಿಂದೆ ಎಳೆಸುತ್ತೇನೆ ಅಂತ ಹೇಳಿ ಕಳಿಸಿದನಂತೆ.

ಕಾರು ಹಿಂದಕ್ಕೆ ಉರುಳಿಕೊಂಡು ಕೇರಿಗೆ ಬಂತು. ನಾಚಿಕೆಗೇಡಿನ ಸಂಗತಿ ಅಂದರೆ, ಅರ್ಧ ಕೇರಿ ಗೌಡನ ಮಾತನ್ನು ನಂಬಿತು. ಇಳಿಯುವಾಗ ಬಿಟ್ಟ ಬೀದಿ ಹತ್ತುವಾಗ ಬಿಡಲಿಲ್ಲ ಅಂದರೆ ಏನೋ ಇರಬೇಕು ಅಂತ ಗುಸುಗುಸು ಹಬ್ಬಿತು. ಪಾಲಕ್ಕ ಒಬ್ಬಳೇ, ನಾನು ನಡೆಯೋದಿಲ್ಲ, ನಡೆಸೋದಾದರೆ ಮದುವೆಯೇ ಬೇಡ ಅಂತ ಹಟ ಹಿಡಿದು ಕೂತಳು.

ದುರುಗವ್ವ ಶೆಡ್ಡು ಮುಚ್ಚಿ ಬಂದು ಇದನ್ನೆಲ್ಲ ಕೇಳಿದಳು. ಅವಳೂ ಮದುಮಗಳಾಗಿ ಅದೇ ಏರಿನಲ್ಲಿ ಚಪ್ಪಲಿ ಕಂಕುಳಲ್ಲಿ ಇಟ್ಟುಕೊಂಡು ಇಳಿದು ಬಂದವಳೇ. ಕಾದ ನೆಲ ಅಂಗಾಲು ಸುಟ್ಟದ್ದನ್ನು ಅವಳು ಮರೆತಿರಲಿಲ್ಲ. ಅವಳಿಗೆ ಗೌಡನ ಮೇಲೆ ಬಂದ ಸಿಟ್ಟಿಗಿಂತ ನಂಬಿದ ತನ್ನವರ ಮೇಲೆ ಬಂದ ಸಿಟ್ಟು ದೊಡ್ಡದು.

"ಕಬ್ಬಿಣಕ್ಕ ಯಾವ ಜಾತಿಲೇ?" ಅಂದಳು. "ಕೀಲಿ ಕೊಡು ಇಲ್ಲಿ."

ಎಲ್ಲರೂ ಏರಿನ ಕಡೆ ನೋಡಿದರು. ಅವಳು ಕಾರನ್ನು ಉಲ್ಟಾ ದಿಕ್ಕಿಗೆ ತಿರುಗಿಸಿ ಕೆರೆಯ ಕಡೆ ಹೊರಟಳು. ಅಲ್ಲಿ ದನ ನೀರಿಗೆ ಇಳಿಯುವ ದಿಬ್ಬವೊಂದಿತ್ತು. ನಿಧಾನಕ್ಕೆ ಹೋದರೆ ಕಾರು ಬೆಣ್ಣೆಯ ಹಾಗೆ ಹೋಯಿತು. ದಿಬ್ಬಕ್ಕೆ ಹಚ್ಚಿ ಒತ್ತಿದಳೋ ಇಲ್ಲವೋ, ಅದೇ ಮುಗ್ಗರಿಕೆ, ಅದೇ ಕೆಮ್ಮು, ಅದೇ ಕರೀ ಹೊಗೆ.

ದುರುಗವ್ವ ಬಾಗಿಲು ತೆಗೆದು ಹಿಂದೆ ಓಡಿಬಂದವರಿಗೆ ಕೇಳಿಸುವ ಹಾಗೆ ಕೂಗಿದಳು. "ಇಲ್ಲಿ ಯಾವ ಗೌಡನ ಮನಿ ಐತ್ರಪ್ಪಾ? ಕಪ್ಪಿ ಗೌಡಂದಾ?"

ಮೊದಲು ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಆ ನಗುವಿನಲ್ಲೇ ಕೇರಿಯ ಅರ್ಧ ಭಯ ಕಳಚಿತು ಅಂತಾರೆ.

ಇನ್ನರ್ಧಕ್ಕೆ ಕೈ ಮಸಿ ಮಾಡಿಕೊಳ್ಳಬೇಕಿತ್ತು. ಪ್ಲಗ್ ಬಿಚ್ಚಿ ನೋಡಿದಳು, ಕಾಡಿಗೆ ಬಳಿದ ಹಾಗೆ ಕಪ್ಪು. ಸೈಲೆನ್ಸರ್ ಮೂಸಿದಳು, ಹಸಿ ಪೆಟ್ರೋಲಿನ ನಾತ. ಹೊಟ್ಟೆಗೆ ಬೇಕಾದ್ದಕ್ಕಿಂತ ಹೆಚ್ಚೇ ಬೀಳುತ್ತಿದೆ, ಉಸಿರೇ ಸಾಲುತ್ತಿಲ್ಲ ಅಂದುಕೊಂಡಳು. ಸುಮ್ಮನೆ ನಿಂತವರಿಗೆ ಸಣ್ಣ ಉಸಿರು ಸಾಕು, ಏರು ಹತ್ತುವವರಿಗೆ ದೊಡ್ಡದು ಬೇಕು. ಗಾಳಿ ಸೋಸುವ ಡಬ್ಬಿ ತೆಗೆದಳು, ಫಿಲ್ಟರ್ ಚೊಕ್ಕವಾಗಿತ್ತು. ಡಬ್ಬಿಯ ಮುಚ್ಚಳ ಮುಚ್ಚದೆ ಓಬಳೇಶಿಗೆ ರೇಸ್ ಕೊಡಲು ಹೇಳಿದಳು. ಇಂಜಿನ್ನು ಗಂಟಲು ಬಿಟ್ಟು ಹಾಡಿತು. ಮುಚ್ಚಿದರೆ ಮತ್ತೆ ಕೆಮ್ಮಿತು. ಹಾಗಾದರೆ ಕುತ್ತಿಗೆ ಹಿಸುಕಿರುವುದು ಡಬ್ಬಿಗೆ ಗಾಳಿ ತರುವ ಕೊಳವೆಯಲ್ಲಿ. ಇಂಜಿನ್ನು ಆಫ್ ಮಾಡಿಸಿ ಕೊಳವೆಯ ಬಾಯಿಗೆ ಕೈ ಹಾಕಿದಳು.

ಕೈಗೆ ಬಂದದ್ದು ಹಸಿರು ರವಿಕೆ ಕಣ. ಅದರ ಗಂಟಿನಲ್ಲಿ ಅಕ್ಕಿ, ಅರಿಶಿನ ಕೊಂಬು, ಕೊಬ್ಬರಿ ಬಟ್ಟಲು.

ಹನುಮಕ್ಕ ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ಮಧ್ಯಾಹ್ನ ಓಬಳೇಶಿ ಕೇರಿಗೆ ಬಂದವನೇ ಬಾನೆಟ್ ಎತ್ತಿಟ್ಟು, ನೀರು ಹಾಕಲು ಬಿಂದಿಗೆ ತರಲು ಹೋಗಿದ್ದ. ಮುದುಕಿಗೆ ಆಗ ಆ ಕೊಳವೆಯ ಬಾಯಿ ಕಂಡಿತ್ತು. ಮನೆಗೆ ಬಂದವಳಿಗೆ ಉಡಿ ತುಂಬದೆ ಕಳಿಸಬಾರದು, ಇದರ ಉಡಿ ಇದೇ ಇರಬೇಕು ಅಂತ ಪ್ರೀತಿಯಿಂದ ಒಳಗೆ ತುರುಕಿದ್ದಳು. ಹಿಂದೆ ಮದುಮಕ್ಕಳನ್ನು ಬರಿಗಾಲಲ್ಲಿ ಕಳಿಸಿದ್ದಳು, ಈ ಸಲ ಮೊಮ್ಮಗಳು ಕೂತು ಹೋಗುವ ಗಾಡಿ, ಅದಕ್ಕೇನೂ ಕಡಿಮೆಯಾಗಬಾರದು ಅನ್ನುವುದೊಂದೇ ಅವಳ ಮನಸ್ಸಿನಲ್ಲಿದ್ದದ್ದು.

ದುರುಗವ್ವನ ಬಾಯಿಂದ ಬೈಗುಳ ಬರುತ್ತದೆ ಅಂತ ಎಲ್ಲರೂ ಕಾದರು. ಬರಲಿಲ್ಲ. "ಅಳಬ್ಯಾಡ ಚಿಗವ್ವ. ಅವರು ನಮ್ಮನ್ನ ಇಷ್ಟು ವರ್ಷ ಹಿಸುಕ್ಯಾರ. ನೀನು ಒಂದು ದಿನ ಮುದ್ದು ಮಾಡೀದಿ" ಅಂದು, ಉಡಿಯನ್ನು ಪಾಲಕ್ಕನ ಮಡಿಲಿಗೆ ಹಾಕಿದಳು.

ಮರುದಿನ ಮೆರವಣಿಗೆ ಹೊರಟಿತು. ದುರುಗವ್ವನೇ ಸ್ಟೀರಿಂಗ್ ಹಿಡಿದಳು. ಹಿಂದೆ ಪಾಲಕ್ಕ, ಪಕ್ಕದಲ್ಲಿ ಅಜ್ಜಿ. ಅವರ ಹಿಂದೆ ಇಡೀ ಕೇರಿ, ಎಲ್ಲರ ಚಪ್ಪಲಿಯೂ ಕಾಲಲ್ಲಿ. ಕಾರು ಏರನ್ನು ಸರಾಗವಾಗಿ ಹತ್ತಿತು. ಸುಮ್ಮನೆ ಹೋಗಿದ್ದರೆ ಒಂದು ಉಸಿರಿಗೆ ದಾಟುತ್ತಿತ್ತು. ಆದರೆ ಆ ಹೆಂಗಸು ಸುಮ್ಮನೆ ಹೋಗುವವಳೇ? ದೊಡ್ಡಮನೆಯ ಬಾಗಿಲ ಮುಂದೆ, ನಿನ್ನೆ ಸತ್ತ ಜಾಗದಲ್ಲೇ, ಕಾರು ನಿಂತಿತು.

ಹಿಂದೆ ಬರುತ್ತಿದ್ದ ಕೇರಿಯವರೂ ನಿಂತರು. ಕಟ್ಟೆಯವರು ಕೇಕೆ ಹಾಕಿದರು. ದ್ಯಾಮನಗೌಡ ಎತ್ತು ತರಲು ಆಳಿಗೆ ಕೈ ಮಾಡಿದ.

ದುರುಗವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಗೌಡ್ರ, ಇದು ನಿಂತಿಲ್ಲ. ನಾನು ನಿಲ್ಲಿಸೀನಿ."

ಆಮೇಲೆ ಪಾಲಕ್ಕನಿಗೆ ಇಳಿಯಲು ಹೇಳಿದಳು. ಪಾಲಕ್ಕ ಇಳಿದಳು. ಹೊಸ ಚಪ್ಪಲಿಯ ಕಾಲನ್ನು ಆ ಮಣ್ಣಿನ ಮೇಲೆ ಊರಿದಳು, ಗೌಡನ ಮುಂದೆಯೇ ಸೀರೆಯ ನೆರಿಗೆ ಸರಿಮಾಡಿಕೊಂಡಳು, ಅವಸರವಿಲ್ಲದೆ ಮತ್ತೆ ಹತ್ತಿ ಕೂತಳು. ಆ ಕಡಿದಾದ ಜಾಗದಲ್ಲಿ, ನಿಂತ ಕಾಲಲ್ಲಿ, ದುರುಗವ್ವ ಆಕ್ಸಿಲರೇಟರನ್ನು ತಳಮುಟ್ಟ ಒತ್ತಿದಳು. ಕಾರು ಒಂದಿಷ್ಟೂ ಮುಗ್ಗರಿಸದೆ ಹಾರಿತು. ಎದ್ದ ಧೂಳಿನಲ್ಲಿ ಸಂಜೆಯವರೆಗೂ ದೊಡ್ಡಮನೆ ಕಾಣಲಿಲ್ಲ ಅಂತಾರೆ. ಅದು ಸುಳ್ಳಿರಬಹುದು. ಆ ದಿನದಿಂದ ಚಪ್ಪಲಿ ಯಾರ ಕೈಗೂ ಹೋಗಲಿಲ್ಲ ಅನ್ನುವುದು ಸುಳ್ಳಲ್ಲ.

ದುರುಗವ್ವ ಹೋಗಿ ಎಷ್ಟೋ ಕಾಲವಾಯಿತು. ಈಗ ಕೇರಿಗೆ ಕೆರೆಯ ಕಡೆಯಿಂದ ಡಾಂಬರು ರಸ್ತೆ ಬಂದಿದೆ, ಆ ಏರು ಯಾರಿಗೂ ಬೇಕಿಲ್ಲ. ಆದರೂ ಕೇರಿಯಲ್ಲಿ ಯಾರೇ ಗಾಡಿ ತರಲಿ, ಬೈಕಾಗಲಿ, ಆಟೋ ಆಗಲಿ, ಮನೆಗೆ ಒಯ್ಯುವ ಮೊದಲು ಸುತ್ತು ಹಾಕಿಕೊಂಡು ಆ ಏರಿಗೇ ಹೋಗುತ್ತಾರೆ. ಅರ್ಧಕ್ಕೆ ನಿಲ್ಲಿಸುತ್ತಾರೆ. ಚಪ್ಪಲಿ ಕಾಲನ್ನು ಕೆಳಗೆ ಊರುತ್ತಾರೆ. ಹೊರಗಿನವರು ಯಾರಾದರೂ ಗಾಡಿ ಕೆಟ್ಟಿತೇ ಅಂತ ಕೇಳಿದರೆ, ಇಲ್ಲ, ನಾವೇ ನಿಲ್ಲಿಸಿದ್ದೇವೆ ಅನ್ನುತ್ತಾರೆ.