ರಾಣಿ ಹೊಂಬಾಳೆ ಊದುಬತ್ತಿ ಶೆಡ್ಡಿಗೆ ಬಂದದ್ದು

ಕತೆಯಿಲ್ಲದಿದ್ದರೆ ಹಿಡಿ ಇಲ್ಲ. ಆ ಕಾಲಕ್ಕೆ ಊದುಬತ್ತಿ ಶೆಡ್ಡಿನಲ್ಲಿ ಎಲ್ಲರೂ ನಂಬಿದ್ದು ಇದನ್ನೇ.

ಹಿಡಿ ಅಂದರೆ ಹೀಗೆ. ಹೆಂಗಸರು ಸಾಲಾಗಿ ಮಣೆ ಹಾಕಿಕೊಂಡು ಬತ್ತಿ ಹೊಸೆಯುವರು. ಚಿಕ್ಕತಾಯಮ್ಮ ಕತೆ ಹೇಳುವಳು. ಕೈ ಆಡಿಸದೆ ಅವಳಿಗೆ ಕತೆ ಬಾರದು. ಕೈ ಆಡಿಸಿದರೆ ಬತ್ತಿ ಬಾರದು. ಅದಕ್ಕೆ ಸಂಜೆ ಒಬ್ಬೊಬ್ಬಳೂ ಒಂದೊಂದು ಹಿಡಿ ಬತ್ತಿ ಅವಳ ಬುಟ್ಟಿಗೆ ಹಾಕುವಳು. ಬುಟ್ಟಿ ತುಂಬಿದರೆ ಮೇಸ್ತ್ರಿ ಚೆಲುವಯ್ಯ ಸುಮ್ಮನಿರುವನು. ತುಂಬದಿದ್ದರೆ ಅವಳ ಮಣೆ ಇನ್ನೊಬ್ಬಳಿಗೆ.

ಚಿಕ್ಕತಾಯಮ್ಮನಿಗಿದ್ದದ್ದು ಒಂದೇ ಕತೆ: ತುಂಬಿದ ಸಭೆಯಲ್ಲಿ ಕಿಸಕ್ಕನೆ ನಕ್ಕ ರಾಣಿ ಹೊಂಬಾಳೆ, ಆ ನಗುವಿಗೆ ಅವಳನ್ನು ಹೊರಗಟ್ಟಿದ ಕೊಳ್ಳಿರಾಯ. ಇದ್ದದ್ದು ಒಬ್ಬನೇ ಮಗ: ಕೆಂಪಸಿದ್ದ. ಹೇಳಿದ್ದನ್ನು ಮಾಡುವನು. ಹೇಳಿದ್ದನ್ನೇ ಮಾಡುವನು. ಅವ್ವನ ಗೋಳು ಅದೇ.

ಒಂದು ದಿನ ತಾಯಮ್ಮನ ಗಂಟಲು ಕಟ್ಟಿತು. ದನಿ ಪೂರಾ ಹೋಯಿತು. ಬೈಗುಳಕ್ಕೆ ಬೇಕಾದಷ್ಟು ಪಿಸುಮಾತು ಮಾತ್ರ ಉಳಿಯಿತು.

"ನನ್ನ ಬದಲು ನೀನು ಹೋಗಿ ಕತೆ ಹೇಳೋ," ಅಂದಳು. "ಅರಮನೆ ಕೇಳಿ ಕೇಳಿ ಅವರಿಗೆ ಸಾಕಾಗಿದೆ. ರಾಜ ರಾಣಿ ಅವರೇ ಇರಲಿ. ಜಾಗ ಮಾತ್ರ ಬದಲಾಯಿಸು. ಅರಮನೆ ಬಿಡಿಸಿ ಬೇರೆ ಕಡೆ ಸಾಗಿಸು."

"ಸಾಗಿಸ್ತೀನವ್ವ," ಅಂದ.

ಸಾಗಿಸಿದ. ಬೆಳಗಿನಿಂದ ಸಂಜೆವರೆಗೆ ಕತೆಯಲ್ಲಿ ಸಾಗಿಸಿದ. ಹಂಡೆ ಇಳಿಸಿದ, ಕೊಪ್ಪರಿಗೆ ಇಳಿಸಿದ, ಒರಳುಕಲ್ಲು ಉರುಳಿಸಿದ. ಸಿಂಹಾಸನ ಬಾಗಿಲಲ್ಲಿ ಹಿಡಿಸಲಿಲ್ಲ, ಕಾಲು ಬಿಚ್ಚಿದ. ಹೊತ್ತು ಮುಳುಗಿದರೂ ಗಾಡಿ ಹೊರಡಲಿಲ್ಲ.

ಮುಂದಿನ ಮಣೆಯ ದೇವೀರಮ್ಮ ಸಂಜೆ ಬಂದು ವರದಿ ಒಪ್ಪಿಸಿದಳು. "ತಾಯಕ್ಕ, ಕೇಳಿ ಕೇಳಿ ನಮ್ಮ ಸೊಂಟ ಬಿದ್ದೋಯ್ತು. ಸಾಮಾನು ಹೊತ್ತೋರು ನಾವೇ ಅನ್ನೋ ಹಾಗೆ."

"ಬುಟ್ಟಿ?"

"ತುಂಬ್ತು."

"ಹೊಸಬ ಅಂತ ತುಂಬಿದೆ. ನಾಳೆ ತುಂಬಲ್ಲ," ಅಂದಳು ತಾಯಮ್ಮ. ಮಗನ ತಲೆಗೆ ಒಂದು ಮೊಟಕಿದಳು. "ಮನೆ ಖಾಲಿ ಮಾಡೋದು ಕತೆಯೇನೋ? ಬಂದು ಸೇರಿದ ಮೇಲಿಂದ ಹೇಳು. ದೂರ ಯಾಕೆ, ಶೆಡ್ಡಿನೊಳಗೇ ತಂದು ಕೂರಿಸು. ಆಗ ಅವರಿಗೂ ತಮ್ಮದೇ ಕತೆ ಅನ್ನಿಸುತ್ತೆ."

"ಕೂರಿಸ್ತೀನವ್ವ," ಅಂದ.

ಕೂರಿಸಿದ. ಮೊದಲು ದೇವೀರಮ್ಮನನ್ನು ಎಬ್ಬಿಸಿದ.

"ಅತ್ತೆ, ಸ್ವಲ್ಪ ಸರೀರಿ. ರಾಣಿ ಕೂರಬೇಕು."

"ಯಾವ ರಾಣಿಯೋ?"

"ಹೊಂಬಾಳೆ. ಹೊಸಬಳು, ಕೈ ಸಾಗಲ್ಲ."

ಅವಳು ಸರಿದಳು. ಖಾಲಿ ಮಣೆಯೊಂದನ್ನು ಹಾಕಿ ಕತೆ ಶುರುಮಾಡಿದ. ಕೊಳ್ಳಿರಾಯನೇ ಶೆಡ್ಡಿನ ಮೇಸ್ತ್ರಿ. ಹೊಂಬಾಳೆ ಹೊಸೆದ ಬತ್ತಿಯೆಲ್ಲ ಸೊಟ್ಟ. ರಾಜ ಒಂದೊಂದನ್ನೇ ಎತ್ತಿ ಲಟಕ್ಕನೆ ಮುರಿದ. ಮುರಿದಾಗಲೆಲ್ಲ ಅವಳು ಕಿಸಕ್ಕನೆ ನಕ್ಕಳು. ಹೆಂಗಸರು ಹೊಸೆಯುವುದನ್ನು ಮರೆತು ಕೇಳಿದರು. ಬಾಗಿಲಲ್ಲಿ ನಿಂತ ಚೆಲುವಯ್ಯನೂ ಕೇಳಿದ.

ಎಲ್ಲ ಚೆನ್ನಾಗಿತ್ತು, ಸಂಜೆವರೆಗೆ. ಸಂಜೆ ಹಿಡಿ ಬಿತ್ತು. ಕೆಂಪಸಿದ್ದ ಅರ್ಧ ಎತ್ತಿ ಖಾಲಿ ಮಣೆಯ ಮುಂದೆ ಇಟ್ಟ.

"ಅದ್ಯಾರಿಗೋ?" ಅಂದ ಚೆಲುವಯ್ಯ.

"ರಾಣಿಗೆ. ಅವಳದನ್ನೆಲ್ಲ ನೀವು ಮುರಿದಿರಲ್ಲ."

ಚೆಲುವಯ್ಯ ಬುಟ್ಟಿ ನೋಡಿದ. ಅರ್ಧ. "ಇನ್ನೊಂದು ದಿನ ಹೀಗಾದರೆ ನಿಮ್ಮವ್ವನ ಮಣೆ ಎತ್ತಿಡ್ತೀನಿ, ಹೇಳು ಅವಳಿಗೆ."

ಹೇಳಿದ. ತಾಯಮ್ಮ ತಲೆ ಮೇಲೆ ಕೈಹೊತ್ತು ಕೂತಳು. ಹದಿನೆಂಟು ವರ್ಷ ಕೂತ ಮಣೆ.

"ಕತೆಯವರಿಗೆ ಹೊಟ್ಟೆ ಇರಲ್ಲ ಕಣೋ, ಮುಟ್ಠಾಳ. ಅವರಿಗೆ ಬತ್ತಿ ಯಾಕೆ? ಅದೂ ಮೇಸ್ತ್ರಿ ಎದುರಿಗೇ ಮೇಸ್ತ್ರಿ ಕತೆಯೇ? ನಾಳೆ ಅವನ ಮುಖ ಕಂಡರೆ ಬಾಯಿ ಮುಚ್ಕೋ."

"ಮುಚ್ಕೋತೀನವ್ವ," ಅಂದ.

ಮರುದಿನ ಚೆಲುವಯ್ಯ ಬೆಳಗ್ಗೆಯೇ ಸ್ಟೂಲು ಎಳೆದುಕೊಂಡು ಎದುರಿಗೇ ಕೂತ. ಕೊಳ್ಳಿರಾಯನ ಗತಿ ಏನಾಯಿತೋ ಎಂದು ಅವನಿಗೆ ರಾತ್ರಿ ನಿದ್ದೆ ಬಂದಿರಲಿಲ್ಲ. ಕೆಂಪಸಿದ್ದ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

"ಹೇಳಪ್ಪ, ಆಮೇಲೆ ರಾಜ ಏನಾದ?"

ಇಲ್ಲ.

"ಬೈಯಲ್ಲ, ಹೇಳೋ. ರಾಣಿನ ವಾಪಸ್ ಕರೆದನೋ ಇಲ್ಲವೋ?"

ಇಲ್ಲ. ಮೇಸ್ತ್ರಿ ಏಳಲಿಲ್ಲ, ಇವನು ಬಾಯಿ ಬಿಡಲಿಲ್ಲ. ಸಂಜೆ ಹಾಗೇ ಬಾಯಿ ಮುಚ್ಚಿಕೊಂಡೇ ಮನೆಗೆ ನಡೆದ.

"ಏನು ಹೇಳಿದೆ ಇವತ್ತು?" ಅಂದಳು ತಾಯಮ್ಮ.

"ಏನೂ ಇಲ್ಲ. ಮೇಸ್ತ್ರಿ ಇದ್ರು."

"ಬುಟ್ಟಿ?"

"ಬುಟ್ಟಿ ನೋಡು ಅಂತ ನೀನು ಹೇಳಲಿಲ್ಲ."

ಬುಟ್ಟಿಗಳು ಶೆಡ್ಡಿನಲ್ಲೇ ಉಳಿಯುವುವು. ಬೆಳಗ್ಗೆ ಮೇಸ್ತ್ರಿ ನೋಡಿ ಲೆಕ್ಕ ಬರೆಯುವನು. ಅವನು ನೋಡುವುದರೊಳಗೆ ಏನಾದರೂ ಮಾಡಬೇಕು. ಬೆಳಕು ಹರಿಯುತ್ತಲೇ ತಾಯಮ್ಮ ಮಗನನ್ನು ಎಬ್ಬಿಸಿದಳು.

"ಬಾಗಿಲು ತೆಗೆಯೋದರೊಳಗೆ ಹೋಗು. ನಿನ್ನೆಯ ಕತೆ ಬಾಕಿ ಇದೆ, ಬಾಗಿಲಲ್ಲೇ ಹೇಳಿ ಮುಗಿಸು. ಮುಗಿದರೆ ಒಳಗೆ ಹೋದ ಕೂಡಲೇ ನಿನ್ನೆಯ ಹಿಡಿ ಬೀಳುತ್ತೆ. ಕೇಳೋರು ಹೂಂ ಅನ್ನದೆ ಮುಂದಕ್ಕೆ ಹೋಗಬೇಡ. ಅರ್ಥ ಆಯ್ತಾ?"

"ಆಯ್ತವ್ವ," ಅಂದ.

ಅವನಿಗೆ ಅರ್ಥವಾದದ್ದನ್ನು ನೆನೆದು ಅವಳಿಗೇ ಭಯವಾಯಿತು. ಕಂಬಳಿ ಹೊದ್ದು ಹಿಂದೆಯೇ ಹೊರಟಳು. ಮೇಸ್ತ್ರಿಯ ಕಾಲು ಹಿಡಿಯಬೇಕೆಂದಿದ್ದಳು.

ಶೆಡ್ಡಿನ ಬಾಗಿಲಿಗೆ ಬೀಗ. ಬೀಗದ ಎದುರು ಕೆಂಪಸಿದ್ದ.

"ಆಮೇಲೆ ಕೊಳ್ಳಿರಾಯ ಮುರಿದ ಬತ್ತಿ ಆರಿಸಿಕೊಂಡು ಹೊಂಬಾಳೆ ಮಣೆ ಹತ್ತಿರ ಬಂದ," ಅಂದ ಬೀಗಕ್ಕೆ. ಕಾದ. ಬೀಗ ಹೂಂ ಅನ್ನಲಿಲ್ಲ. ಮತ್ತೆ ಅದನ್ನೇ ಅಂದ. ಮತ್ತೆ ಕಾದ. ಕಿವಿಯನ್ನು ಬೀಗಕ್ಕೆ ಒತ್ತಿ ಕಾದ.

ಕೆಲಸಕ್ಕೆ ಬಂದ ಹೆಂಗಸರು ಒಬ್ಬೊಬ್ಬರಾಗಿ ಅವನ ಹಿಂದೆ ನಿಂತರು. ಬೀಗದ ಕೈ ಹಿಡಿದು ಚೆಲುವಯ್ಯನೂ ಬಂದು ನಿಂತ. ಯಾರೂ ನಗಲಿಲ್ಲ.

"ಹೂಂ," ಅಂದಳು ದೇವೀರಮ್ಮ.

"ಹೂಂ," ಅಂದರು ಉಳಿದವರು.

"ಹೂಂ, ಮುಂದೆ?" ಅಂದ ಚೆಲುವಯ್ಯ.

ಕೆಂಪಸಿದ್ದ ತಿರುಗಲಿಲ್ಲ. ಬೀಗಕ್ಕೆ ಕೈಮುಗಿದು ಕತೆ ಮುಂದುವರಿಸಿದ. ರಾಜ ಮಣೆ ಹಾಕಿಕೊಂಡು ಹೊಸೆಯಲು ಕಲಿತ, ಅವನದೂ ಸೊಟ್ಟ, ರಾಣಿ ನಕ್ಕಳು, ಈ ಸಲ ರಾಜನೂ ನಕ್ಕ. ಅಷ್ಟಾದ ಮೇಲೆ ಚೆಲುವಯ್ಯ ಅವನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆಗೆದ.

ತಾಯಮ್ಮ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದಳು. ತನ್ನ ಮಣೆಯ ಹತ್ತಿರ ಕೂತು ನಿನ್ನೆಯ ಬುಟ್ಟಿಯ ಮುಚ್ಚಳ ಎತ್ತಿದಳು.

ಬುಟ್ಟಿ ತುಂಬಿತ್ತು.