ಮೊಟ್ಟೆ ಮೆಷಿನ್ನಿಗೆ ಮೇಸ್ತ್ರಿ ಕೊಟ್ಟ ಉತ್ತರ

“ನಿಂತೋದದ್ದು ತಾನಾಗೇ ಎದ್ದು ಓಡೋ ಹಂಗೆ ಮಾಡಿದ್ದೀನಿ ಗುರುವೇ. ಅದ್ರಲ್ಲಿ ತಪ್ಪೇನದೆ? ಯಾಕೆ ಅಳಿಸು ಅಂತೀರಿ?”

ಕೇಳಿದ್ದು ಜಡೇಸ್ವಾಮಿ. ಮೊಟ್ಟೆಯಿಂದ ಕೋಳಿಮರಿ ಮಾಡೋ ಮೆಷಿನ್ ರಿಪೇರಿ ಕಲಿಯೋಕೆ ಚಿಕ್ಕಬೋರಯ್ಯನ ಹತ್ರ ಸೇರಿ ಎರಡು ವರ್ಷ ಆಗಿತ್ತು. ಅವತ್ತು ಒಂದು ಹೊಸ ಮೆಷಿನ್ನಿನ ಕಂಪ್ಯೂಟರಿಗೆ ಒಂದೇ ಒಂದು ಸಾಲು ಬರೆದು ಬಂದಿದ್ದ. ಪ್ರೋಗ್ರಾಂ ನಿಂತ್ರೆ ಕಂಪ್ಯೂಟರೇ ಅದನ್ನ ತಿರುಗಾ ಶುರು ಮಾಡ್ಬೇಕು, ಅಷ್ಟೇ. ಗುರು ಭೇಷ್ ಅಂತಾನೆ ಅಂತ ಕಾದಿದ್ದ. ಗುರು ಮೊದ್ಲು ಅದನ್ನ ಅಳಿಸು ಅಂದ್ಬುಟ್ಟ.

ಚಿಕ್ಕಬೋರಯ್ಯ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ.

“ಕೂತ್ಕೊ. ಈಗ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ನನ್ನ ಈ ಎರಡು ಕೈ ಬಿದ್ದೋಗ್ಲಿ, ಇನ್ನೊಂದು ನಟ್ಟು ತಿರುಗಿಸೋ ಯೋಗ ಬರದೆ ಇರ್ಲಿ. ನಡೆದದ್ದು ಇದು. ಕತೆ ಕಟ್ಟೋಕೆ ನಂಗೆ ಬರಲ್ಲ.”

ಹಿಂಗಂದು ಶುರು ಮಾಡ್ದ.

ಒಬ್ಬ ರಿಪೇರಿ ಮೇಸ್ತ್ರಿ ಇದ್ದ. ಓದಿದ್ದು ನಾಕನೇ ಕ್ಲಾಸು. ಆದ್ರೆ ಕೆಲ್ಸದಲ್ಲಿ ಅವನ ಮುಂದೆ ನಿಲ್ಲೋರು ಇರ್ಲಿಲ್ಲ. ಬಾಗ್ಲಾಚೆ ನಿಂತು ಫ್ಯಾನಿನ ಸದ್ದು ಕೇಳಿ ಬೇರಿಂಗ್ ಇನ್ನೆಷ್ಟು ದಿನ ಅಂತ ಹೇಳೋನು. ಕಂಪನಿಯಿಂದ ಬಂದೋರು ಪುಸ್ತಕ ತಿರುವ್ತಾ ಕೂತಿದ್ರೆ, ಇವ್ನು ರಿಪೇರಿ ಮುಗಿಸಿ ಕಾಪಿ ಕುಡಿದು ಲೋಟ ತೊಳೆದಿಟ್ಟಿರೋನು.

ಅದೇ ಊರ ಕಡೆ ಸರ್ವಮಂಗಳಮ್ಮ ಅಂತ ಒಬ್ಬ ಹೆಣ್ಣುಮಗಳು ಮೊಟ್ಟೆ ಮೆಷಿನ್ ಇಟ್ಕಂಡಿದ್ಲು. ನಾಟಿ ಕೋಳಿ ಮೊಟ್ಟೆ ತಂದು, ಮರಿ ಮಾಡಿ ಮಾರೋದು. ಇಟ್ಟ ಇಪ್ಪತ್ತೊಂದನೇ ದಿನಕ್ಕೆ ಮರಿ. ಮೊದಲ ಹದಿನೆಂಟು ದಿನ ಮೊಟ್ಟೆನ ಆಗಾಗ ಆ ಕಡೆ ಈ ಕಡೆ ವಾಲಿಸ್ತಾ ಇರ್ಬೇಕು, ತಾಯಿಕೋಳಿ ಕೊಕ್ಕಲ್ಲಿ ತಿರುಗಿಸ್ತದಲ್ಲ ಹಂಗೆ. ಹದಿನೆಂಟು ಕಳೀತೋ, ಆಮೇಲೆ ಅಲ್ಲಾಡಿಸಂಗಿಲ್ಲ. ಮರಿ ಒಳಗೇ ತಲೆ ಹೊಂದಿಸ್ಕಂಡು ಚಿಪ್ಪು ಒಡೆಯೋಕೆ ನಿಂತಿರ್ತದೆ. ತೇವಾನೂ ಜಾಸ್ತಿ ಕೊಡ್ಬೇಕು. ಇಷ್ಟನ್ನೂ ನೋಡ್ಕಳ್ಳೋದು ಒಂದು ಅಂಗೈಯಗಲದ ಕಂಪ್ಯೂಟರ್. ಅದರೊಳಗೆ ಕೂತು ಅದನ್ನ ನಡೆಸೋದಕ್ಕೆ ಲಿನಕ್ಸ್ ಅಂತಾರೆ. ಅದರ ಮೇಲೆ ಓಡೋದು ಮೊಟ್ಟೆ ಪ್ರೋಗ್ರಾಂ.

ಆ ಪ್ರೋಗ್ರಾಮಿಗೆ ಒಂದು ಚಾಳಿ. ದಿನಕ್ಕೊಂದು ಸಲ ಸುಮ್ನೆ ನಿಂತೋಗೋದು. ನಿಂತು ಎರಡು ನಿಮಿಷ ಆದ್ರೆ ಮೆಷಿನ್ನು ಕೀ ಅಂತ ಕೂಗೋದು. ಸರ್ವಮಂಗಳಮ್ಮ ಓಡಿ ಬಂದು ತಿರುಗಾ ಶುರು ಮಾಡೋಳು. ಶುರು ಆಗೋ ಮುಂಚೆ ಅದು ಒಂದು ಪ್ರಶ್ನೆ ಕೇಳೋದು: ಇವತ್ತು ಎಷ್ಟನೇ ದಿನ? ಗೋಡೆ ಮೇಲಿನ ಕ್ಯಾಲೆಂಡರಲ್ಲಿ ದಿನಾ ಗೀಟು ಹಾಕಿರೋಳು. ನೋಡಿ ಏಳೋ ಎಂಟೋ ಒತ್ತೋಳು.

“ಸಾಕಾಗೋಗದೆ ಮೇಸ್ತ್ರಣ್ಣ,” ಅಂದ್ಲು ಒಂದಿನ. “ಸ್ನಾನಕ್ಕೆ ಹೋದ್ರೂ ಕಿವಿ ಇಲ್ಲೇ ಬಿಟ್ಟು ಹೋಗ್ಬೇಕು. ಈ ಸಲ ಸಂಘದ ಹೆಂಗಸ್ರಿಗೆ ಮರಿ ಕೊಡ್ತೀನಿ ಅಂತ ಒಪ್ಕಂಡಿದ್ದೀನಿ. ಎರಡು ಸಾವಿರದ ನಲವತ್ತು ಮೊಟ್ಟೆ ಇಟ್ಟಿರೋದು. ಅವ್ರೆಲ್ಲ ಗೂಡು ಕಟ್ಟಿ ಕಾಯ್ತಾವ್ರೆ. ಕೆಟ್ರೆ ಇನ್ನು ನನ್ನ ಬಾಗ್ಲಿಗೆ ಯಾರೂ ಬರಲ್ಲ.”

“ಆ ಕೂಗು ಇನ್ನು ನಿನ್ನ ಕಿವಿಗೆ ಬಿದ್ರೆ ಕೇಳು. ನೀನು ಕಾಲು ಚಾಚ್ಕಂಡು ಮಲಗವ್ವ. ಮರಿ ಬರ್ಲಿಲ್ಲ ಅಂದ್ರೆ ಅಷ್ಟೂ ಮೊಟ್ಟೆ ದುಡ್ಡು ನಾನು ಕಟ್ಕೊಡ್ತೀನಿ.”

“ಬಾಯಿ ಬಿಡೋ ಮುಂಚೆ ಮೊಟ್ಟೆ ಎಣಿಸಿದ್ದೀಯಾ?”

“ಎಣಿಸೋದು ನಿನ್ನ ಕೆಲ್ಸ, ಮರಿ ಮಾಡಿಸೋದು ನನ್ನ ಕೆಲ್ಸ.”

ಕಂಪ್ಯೂಟರೊಳಗೆ ಒಂದು ಪಟ್ಟಿ ಇರ್ತದೆ, ಕ್ರಾನ್ ಅಂತ. ಯಾವ ಹೊತ್ತಿಗೆ ಯಾವ ಕೆಲ್ಸ ಅಂತ ಬರೆದಿಟ್ರೆ ಅದು ತಪ್ಪದೆ ಮಾಡ್ತದೆ. ಯಾರೋ ಬರೆಯೋದನ್ನ ಮೇಸ್ತ್ರಿ ಎರಡು ಸಲ ನೋಡಿದ್ದ. ಅವನಿಗೆ ಅಷ್ಟು ಸಾಕು. ಸಾಲಾಗಿ ಐದು ನಕ್ಷತ್ರ ಒತ್ತಿದ. ಅಂದ್ರೆ ನಿಮಿಷ ನಿಮಿಷಕ್ಕೂ ನೋಡು ಅಂತ. ಪ್ರೋಗ್ರಾಂ ಓಡ್ತಿದ್ರೆ ಸುಮ್ನಿರು, ನಿಂತಿದ್ರೆ ಓಡಿಸು. ಆಮೇಲೆ ತಾನೇ ಪ್ರೋಗ್ರಾಂ ನಿಲ್ಲಿಸಿ ಕಾದ. ನಿಮಿಷ ಆಗ್ತಿದ್ದಂಗೆ ಎದ್ದಿತು. ಎದ್ದದ್ದು ಓಡ್ಲಿಲ್ಲ. ಎಷ್ಟನೇ ದಿನ ಅಂತ ಕೇಳ್ಕಂಡು ನಿಂತಿತು.

ಮೇಸ್ತ್ರಿ ತಲೆ ಕೆರ್ಕಂಡ. ಅವತ್ತೇ ತಾನೇ ಮೊಟ್ಟೆ ಇಟ್ಟಿರೋದು? ಒಂದನೇ ದಿನ. ಸರಿ, ಅದನ್ನೂ ಆ ಸಾಲಿಗೇ ಸೇರಿಸ್ದ. ಕೇಳಿದ್ರೆ ಒಂದು ಅಂತ ಹೇಳು. ತಿರುಗಾ ನಿಲ್ಲಿಸ್ದ. ಎದ್ದಿತು, ಓಡ್ತು. ಇನ್ನೊಂದು ಸಲ ನಿಲ್ಲಿಸ್ದ. ಓಡ್ತು. ಸರ್ವಮಂಗಳಮ್ಮನ್ನ ಕರೆದು ಅವಳ ಮುಂದೆ ಐದು ಸಲ ಕೆಡವಿ ಐದು ಸಲ ಎಬ್ಬಿಸ್ದ. ಅವಳು ಉಪ್ಪಿಟ್ಟು ಮಾಡಿ ಕೊಟ್ಲು.

ಅವತ್ತಿಂದ ಕೂಗೇ ಇಲ್ಲ. ಸರ್ವಮಂಗಳಮ್ಮ ನೆಂಟರ ಮನೆಗೂ ಹೋಗಿ ಬಂದ್ಲು. ಮೇಸ್ತ್ರಿ ಆಗಾಗ ಬಂದು ಬಾಗ್ಲಲ್ಲೇ ನಿಂತು ಫ್ಯಾನಿನ ಸದ್ದು ಕೇಳಿ, ಕೈಯಿಟ್ಟು ಶಾಖ ನೋಡಿ, ಮೀಸೆ ತಿರುವ್ಕಂಡು ಹೋಗೋನು.

ಇಪ್ಪತ್ತೊಂದನೇ ದಿನ ಬಂತು. ಚಿಂವ್ ಅನ್ನೋ ಸದ್ದಿಲ್ಲ.

ಒಂದಿನ ಹಿಂದೆ ಮುಂದೆ ಆಗ್ತದೆ ಅಂದ ಮೇಸ್ತ್ರಿ. ಇಪ್ಪತ್ತೆರಡನೇ ದಿನಾನೂ ಇಲ್ಲ. ಅವನಿಗೆ ತಲೆ ಓಡ್ಲಿಲ್ಲ. ಫ್ಯಾನ್ ಬಿಚ್ಚಿ ನೋಡ್ದ, ಸರಿಯಾಗೇ ಅದೆ. ಹೀಟರ್ ಸರಿಯಾಗೇ ಅದೆ. ತಟ್ಟೆಗಳು ಹೇಳಿ ಮಾಡಿಸಿದಂಗೆ ಆ ಕಡೆ ಈ ಕಡೆ ವಾಲ್ತಾ ಅವೆ. ಹಸಿರು ದೀಪ ಉರೀತಾ ಅದೆ. ಪ್ರೋಗ್ರಾಂ ಈ ಗಳಿಗೇಲೂ ಓಡ್ತಾ ಅದೆ. ಇನ್ನೇನಾಗ್ಬೇಕು? ಎಲ್ಲಾ ಸರಿ ಇದ್ದು ಮರಿ ಇಲ್ಲ ಅಂದ್ರೆ ಏನು ಮಾಯ ಇದು? ಮೊಟ್ಟೆ ಕೊಟ್ಟೋರ ಹುಂಜಗಳೇ ಸರಿ ಇಲ್ಲ ಅಂದ. ಒಂದಲ್ಲ ಎರಡಲ್ಲ, ಅಷ್ಟೂ ಹುಂಜ ಕೆಟ್ಟವಾ ಅಂದ್ಲು ಅವಳು.

ಆಗ ಅವನ ಕಣ್ಣು ಪರದೆ ಮೂಲೆಗೆ ಬಿತ್ತು. ದಿನ ಒಂದು.

“ನೋಡಿಲ್ಲಿ! ನೀನೇ ತಪ್ಪು ಎಣಿಸಿದ್ದೀಯ. ಇನ್ನೂ ಒಂದೇ ದಿನ ಆಗಿರೋದು.”

“ಕ್ಯಾಲೆಂಡರ್ ನೋಡು. ಇಪ್ಪತ್ತೆರಡು ಗೀಟು.”

“ನಿನ್ನ ಕ್ಯಾಲೆಂಡರ್ ಗೋಡೇಲಿ ನೇತಾಡೋದು. ಇದು ಮೆಷಿನ್ನು. ಮೆಷಿನ್ನು ಸುಳ್ಳು ಹೇಳ್ತದಾ?”

ಅವಳು ಒಂದು ಮೊಟ್ಟೆ ತಗಂಡು ತಟ್ಟೆ ಅಂಚಿಗೆ ಕುಕ್ಕಿ, ಚಿಪ್ಪು ಬಿಡಿಸಿ, ಅವನ ಕೈಗಿಟ್ಲು. ಮೈತುಂಬ ಪುಕ್ಕ. ಕೊಕ್ಕು, ಕಾಲು, ಉಗುರು, ಎಲ್ಲಾ ಆಗದೆ. ತಲೆ ಮಾತ್ರ ಅಡಿಗಡೆ ಸಿಕ್ಕಂಡು, ಪೊರೆ ಒಣಗಿ ಮೈಗೆ ಅಂಟ್ಕಂಡು, ಸತ್ತೋಗದೆ. ಇನ್ನೊಂದು ಒಡೆದ್ಲು. ಅದೂ ಹಂಗೇ. ಮೇಸ್ತ್ರಿ ಕೈಯಲ್ಲಿ ಎರಡು ಮರಿ, ಅವುಗಳ ಎದುರಿಗೆ ತಟ್ಟೆ ಇನ್ನೂ ವಾಲ್ತಾನೇ ಅದೆ.

“ಅದು ಎದ್ದಾಗಲೆಲ್ಲ ಒಂದು ಮಾತು ಕೇಳ್ತಿತ್ತಲ್ಲ ಮೇಸ್ತ್ರಣ್ಣ, ಎಷ್ಟನೇ ದಿನ ಅಂತ,” ಅಂದ್ಲು ಸರ್ವಮಂಗಳಮ್ಮ. “ನಾನಂತೂ ಹೇಳಿಲ್ಲ. ಇಷ್ಟು ದಿನ ಯಾರು ಹೇಳ್ತಿದ್ರು?”

ಮೇಸ್ತ್ರಿ ಆ ಐದು ನಕ್ಷತ್ರದ ಸಾಲು ತೆಗೆದು ಓದ್ದ. ಇನ್ನೊಂದು ಸಲ ಓದ್ದ. ದಿನಾ ಬಿದ್ದದೆ, ದಿನಾ ಎದ್ದದೆ, ದಿನಾ ಕೇಳದೆ. ದಿನಾ ಅವನ ಬಾಯಲ್ಲೇ ಒಂದು ಅಂತ ಉತ್ತರ ಹೋಗದೆ. ಅಷ್ಟೊತ್ತಿಗೆ ಗೇಟಿನ ಹತ್ರ ಸಂಘದ ಹೆಂಗಸ್ರು ಬುಟ್ಟಿ ಹಿಡ್ಕಂಡು ಬಂದ್ರು.

ಚಿಕ್ಕಬೋರಯ್ಯ ಇಷ್ಟು ಹೇಳಿ ನಿಲ್ಲಿಸ್ದ. ಜಡೇಸ್ವಾಮಿ ತೊಡೆ ತಟ್ಕಂಡು ನಕ್ಕ.

“ಅಲ್ಲ ಗುರುವೇ, ಮೊಟ್ಟೆ ಇಟ್ಟ ತಾರೀಖು ಬರೆದಿಟ್ಟು ದಿನ ಲೆಕ್ಕ ಹಾಕೋ ಅಂದಿದ್ರೆ ಮುಗೀತಿತ್ತು. ಇಲ್ಲ, ಯಾಕೆ ನಿಂತೋಗ್ತದೆ ಅಂತಾನಾದ್ರೂ ನೋಡ್ಬೇಕಿತ್ತು. ಅಷ್ಟೂ ಹೊಳೀಲಿಲ್ವಾ? ಎಂಥ ದಡ್ಡ ಅವ್ನು!”

“ನೀನು ಎಬ್ಬಿಸಿ ಬಂದಿರೋದು ಎದ್ದಾಗ ಏನು ಕೇಳ್ತದೆ?”

ಜಡೇಸ್ವಾಮಿ ನಗು ನಿಲ್ಲಿಸ್ದ. “ನೋಡ್ಲಿಲ್ಲ ಗುರುವೇ. ಓಡ್ತಲ್ಲ, ಬಂದ್ಬುಟ್ಟೆ.”

“ಆ ದಡ್ಡ ಸಂಘದ ಹೆಂಗಸ್ರ ಮುಂದೆ ನಿಂತು, ನನ್ನ ಇದೇ ಜೇಬಿಂದ ತೆಗೆದು ಎಣಿಸಿ ಕೊಟ್ಟದ್ದು ಮೂವತ್ತೆಂಟು ಸಾವಿರದ ಏಳ್ನೂರ ಅರವತ್ತು ರೂಪಾಯಿ.”