ತಂತಿಯಸುರನ ಸೂರು ಹತ್ತಿದ ತಿಪ್ಪೇಶಿ

ನಂಬಲ್ಲ ಅನ್ನೋರು ಈಗಲೇ ಎದ್ದು ಹೋಗಬಹುದು, ಚಪ್ಪಲಿ ಬಾಗಿಲಲ್ಲೇ ಇದೆ. ಕೂತವರು ಮಾತ್ರ ಕೊನೆಗೆ ಹೂಂ ಅನ್ನಲೇಬೇಕು. ಈ ಕತೆಯ ಗಂಡು ನಮ್ಮ ಕಡೆಯವನು. ನಮ್ಮ ಕಡೆ ಸೋತವರ ಕತೆ ಹೇಳುವ ವಾಡಿಕೆ ಇಲ್ಲ.

ಹಂಸಗಿರಿಯ ಬೀದಿಯಲ್ಲಿ ತಮಟೆ ಬಡಿಯಿತು. "ಕೇಳ್ರಪ್ಪೋ ಕೇಳಿ. ಗುಡ್ಡದ ತಂತಿಯಸುರ ಮೂರು ಒಗಟು ಒಡ್ಡುತ್ತಾನೆ. ಮೂರನ್ನೂ ಒಡೆದವನು ಅವನ ಕರಿ ತಂತಿ ಕತ್ತರಿಸಬಹುದು, ಮಹಾರಾಜರಲ್ಲಿ ಬೇಕಾದ್ದು ಬೇಡಬಹುದು. ತಪ್ಪಿದವನನ್ನು ಅಸುರ ನಿಂತಲ್ಲೇ ನುಂಗುತ್ತಾನೆ. ಇದು ಅರಸರ ಆಜ್ಞೆ."

ಆ ಊರಿನ ಪ್ರತಿ ಟಿವಿಗೂ ಅಸುರನ ಗುಡ್ಡದಿಂದ ಒಂದು ಕರಿ ತಂತಿ ಇಳಿದಿತ್ತು. ಅವನು ತೋರಿಸಿದ್ದೇ ಆಟ, ಅವನು ಹೇಳಿದ್ದೇ ಹೊತ್ತು. ಮುನಿದನೆಂದರೆ, ಧಾರಾವಾಹಿಯಲ್ಲಿ ತಾಳಿ ಕಟ್ಟುವ ಗಳಿಗೆಗೆ ಸರಿಯಾಗಿ ತಂತಿ ಜಗ್ಗುವನು. ಪರದೆ ತುಂಬ ಇರುವೆ ಹರಿದಂತಾಗುವುದು. ಈ ಸಲ ಅವನು ಕೇಳಿದ್ದು ರಾಜಕುಮಾರಿ ಇಂದುಮುಖಿಯನ್ನು. ಕೊಡದಿದ್ದರೆ ಊರಿಗೆಲ್ಲ ಕಪ್ಪು ಪರದೆಯೇ ಗತಿ. "ಹಳೇ ಕಟ್ಟಳೆಯಂತೆ ಮೊದಲು ಒಗಟು ಕೇಳಲಿ" ಎಂದು ಹಟ ಹಿಡಿದವಳು ಅವಳೇ.

ತಿಪ್ಪೇಶಿ ಹೆಂಚು ಕೈಯಾಡಿಸುವವನು. ಮಳೆಗಾಲಕ್ಕೆ ಮುಂಚೆ ಮನೆಮನೆಯ ಸೂರು ಹತ್ತಿ, ಒಡೆದ ಹೆಂಚು ತೆಗೆದು ಹೊಸದು ಕೂರಿಸುವುದು ಅವನ ಕಸುಬು. ತಮಟೆ ಕೇಳಿದ್ದೇ ಮುಂಡಾಸು ಸುತ್ತಿ ಹೊರಟ.

"ನಿನಗ್ಯಾಕೋ ಮಗನೇ ಅರಮನೆ ಉಸಾಬರಿ? ನುಂಗಿಬಿಟ್ಟರೆ?" ಎಂದಳು ತಾಯಿ.

"ನುಂಗಲಿ ಬಿಡವ್ವಾ. ನನ್ನ ಜಂಬ ಅವನಿಗೆ ಜೀರ್ಣ ಆಗಲ್ಲ."

ಅರಮನೆಯ ಅಂಗಳದಲ್ಲಿ ನೆರೆರಾಜ್ಯದ ಯುವರಾಜ ಆಗಲೇ ಎದೆಯುಬ್ಬಿಸಿ ನಿಂತಿದ್ದ. ಗುಡ್ಡದಿಂದ ಇಳಿದು ಬಂದಿದ್ದ ಅಸುರ ಮೀಸೆ ಸವರಿ ಕೇಳಿದ: "ಕರೆಯದೆ ಬರುತ್ತದೆ, ಎಲ್ಲರ ಸೂರಿನ ಮೇಲೂ ಸುರಿಯುತ್ತದೆ. ಯಾರೂ ನೆನೆಯರು, ಯಾರೂ ಕಾಣರು. ಬೊಗಸೆಗೆ ಸಿಗದು, ಮೀನಿನ ಮುಳ್ಳಿಗೆ ಸಿಗುತ್ತದೆ. ಏನದು?"

"ಬೆಳದಿಂಗಳು" ಎಂದ ಯುವರಾಜ.

"ಅದು ಕಾಣುತ್ತದಲ್ಲೋ" ಎಂದವನೇ ಅಸುರ ಅವನನ್ನು ಕಿರೀಟದ ಸಮೇತ ನುಂಗಿದ.

ಆಮೇಲೆ ಬಂದ ರತ್ನದ ವ್ಯಾಪಾರಿಯ ಮಗ ಕಣ್ಣು ಮುಚ್ಚಿ, ಕೈ ಮುಗಿದು "ದೇವರ ಕೃಪೆ" ಎಂದ.

"ಮೀನಿನ ಮುಳ್ಳಿಗೆ ಸಿಗೋ ಕೃಪೆ ಯಾವುದಪ್ಪಾ?" ಅವನೂ ಒಳಗೆ ಹೋದ.

ಕಾಲಲ್ಲಿ ಹೆಂಚಿನ ಧೂಳು ಮೆತ್ತಿಕೊಂಡೇ ತಿಪ್ಪೇಶಿ ಮುಂದೆ ಬಂದ.

"ಇದು ನನ್ನ ಹಲ್ಲಿನ ಸಂದಿಗೂ ಸಾಲದು" ಎಂದ ಅಸುರ.

"ಸಂದಿಗೆ ಆಮೇಲೆ ಕಡ್ಡಿ ಹಾಕುವಿಯಂತೆ, ಮೊದಲು ಉತ್ತರ ಕೇಳು. ಅದು ಗಾಳಿಯಲ್ಲಿ ಬರೋ ಟಿವಿ ಚಿತ್ರ. ಮೀನಿನ ಮುಳ್ಳು ಅಂದರೆ ಸೂರಿನ ಮೇಲಿನ ಆಂಟೆನಾ. ತಂತಿ ಬಂದ ಮೇಲೆ ಈ ಊರಿನವರು ಅದರಲ್ಲಿ ಲಂಗೋಟಿ ಒಣಗಿಸ್ತಾರೆ, ಬುದ್ಧಿ" ಎಂದು ರಾಜನತ್ತ ತಿರುಗಿದ. ರಾಜ ತನ್ನ ಸೂರಿನ ಕಡೆ ನೋಡಿ ಗಂಟಲು ಸರಿಮಾಡಿಕೊಂಡ.

ಅಸುರನ ಮೀಸೆ ತುಸು ಇಳಿಯಿತು. "ಬೆನ್ನಿಗೆ ಜೋತುಬಿದ್ದ ಹೆಬ್ಬೆರಳುದ್ದದ ಮರಿ. ಕರೆದ ಆಟವನ್ನು ಕರೆದ ಗಳಿಗೆಗೆ ತರುತ್ತದೆ. ದಾರಿ ಕಿರಿದಾದರೆ ಮಾತ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಏನದು?"

"ಟಿವಿಯ ಬೆನ್ನಿಗೆ ಸಿಕ್ಕಿಸೋ ಸ್ಟ್ರೀಮಿಂಗ್ ಕಡ್ಡಿ. ದಾರಿ ಅಂದರೆ ಇಂಟರ್ನೆಟ್ಟು. ಅದು ಬಡಕಲಾದರೆ ಪರದೆ ಮೇಲೆ ಚಕ್ರ ತಿರುಗ್ತದೆ. ಇನ್ನೊಂದು ಬಿಡು."

"ಆಡಿದವರು ಹೋದರು, ಹಾಡಿದವರು ಹೋದರು. ನೋಡಬೇಕಾದವಳು ಗೊರಕೆ ಹೊಡೆದಳು. ಎದ್ದು ಮುಟ್ಟಿದಳು, ಹೋದವರೆಲ್ಲ ಬಂದು ಮೊದಲಿಂದ ಆಡಿದರು. ಅವರನ್ನು ಹಿಡಿದಿಟ್ಟ ಒಕ್ಕಣ್ಣ ಯಾರು?"

ತಿಪ್ಪೇಶಿ ಮುಂಡಾಸು ಸರಿಸಿ ತಲೆ ಕೆರೆದುಕೊಂಡ. ಅಸುರ ಬಾಯಿ ತೆರೆದ. ಒಳಗಿನಿಂದ ಯುವರಾಜನ ದನಿ ಬಂತು: "ಬರಬೇಡವೋ ಮಾರಾಯ, ಇಲ್ಲಿ ಜಾಗ ಇಲ್ಲ." ಇಂದುಮುಖಿ ಸೆರಗಿನ ತುದಿ ಬಿಗಿಹಿಡಿದಳು. ಅಷ್ಟರಲ್ಲಿ ಒರಗುದಿಂಬಿಗೆ ಆತು ತೂಕಡಿಸುತ್ತಿದ್ದ ರಾಜನ ತಾಯಿ ದೊಡ್ಡಮ್ಮಣ್ಣಿ ಬೆಚ್ಚಿ ಎದ್ದು, "ತಾಳಿ ಕಟ್ಟಿದನೇನೇ?" ಎಂದಳು.

ತಿಪ್ಪೇಶಿಯ ಕಣ್ಣ ಮುಂದೆ ಒಂದು ಕೆಂಪು ದೀಪ ಹೊಳೆಯಿತು. "ರೆಕಾರ್ಡು ಮಾಡೋ ಪೆಟ್ಟಿಗೆ. ಮಾವಿನಕಾಯಿಯನ್ನು ಜಾಡಿ ಹಿಡಿದಿಟ್ಟಂಗೆ ಆಟವನ್ನು ಹಿಡಿದಿಡ್ತದೆ. ಒಂದೇ ಕೆಂಪು ಕಣ್ಣು, ಮಿಟುಕಿಸಲ್ಲ."

ಅಸುರ ತತ್ತರಿಸಿದ. "ಯಾರು ಹೇಳಿಕೊಟ್ಟರೋ ನಿನಗೆ?"

"ನೀನೇ. ಹೋದ ಬೇಸಿಗೇಲಿ ನಿನ್ನ ಸೂರು ಕೈಯಾಡಿಸಿದೋನು ನಾನೇ. ಹೆಂಚಿನೋನು ಮೇಲಿದ್ದರೆ ಕಣ್ಣಿಗೆ ಧೂಳು ಬೀಳ್ತದೆ ಅಂತ ಕೆಳಗಿನವರು ತಲೆ ಎತ್ತಲ್ಲ. ಲೋಕವೆಲ್ಲ ಟಿವಿಯ ಮುಖ ನೋಡಿದರೆ ನಾನು ಹೆಂಚು ತೆಗೆದ ಸಂದಿಯಿಂದ ಬೆನ್ನು ನೋಡಿದೋನು. ನಿನ್ನ ಟಿವಿಯ ಬೆನ್ನಿಗೆ ಆಂಟೆನಾ ಐತೆ, ಕಡ್ಡಿ ಐತೆ, ಪೆಟ್ಟಿಗೆ ಐತೆ. ಕರಿ ತಂತಿ ಒಂದೇ ಇಲ್ಲ. ಊರಿಗೆಲ್ಲ ತಂತಿ ಬಿಗಿದೋನು ನಿನ್ನದನ್ನು ಯಾವತ್ತೋ ಕತ್ತರಿಸಿಕೊಂಡಿದೀಯ."

ಮೊದಲು ನಕ್ಕವಳು ದೊಡ್ಡಮ್ಮಣ್ಣಿ. ಆ ನಗು ಅಂಗಳ ದಾಟಿ ಬೀದಿಗೆ ಹಬ್ಬಿತು. ನಕ್ಕಷ್ಟೂ ಅಸುರ ಕುಗ್ಗಿದ. ಕೆಮ್ಮಿದಾಗ ಯುವರಾಜನೂ ವ್ಯಾಪಾರಿಯ ಮಗನೂ ಹೊರಗೆ ಉರುಳಿದರು. ಕೊನೆಗೆ ಅಸುರ ಬೆಕ್ಕಿನಷ್ಟಾಗಿ ಗುಡ್ಡದ ಆಚೆಗೆ ಓಡಿದ. ತಿಪ್ಪೇಶಿ ಸೊಂಟದ ಕತ್ತಿ ತೆಗೆದು, ಗುಡ್ಡದಿಂದ ಇಳಿದ ಕರಿ ತಂತಿಗಳ ಕಟ್ಟನ್ನು ಒಂದೇ ಏಟಿಗೆ ಕತ್ತರಿಸಿದ.

"ಈಗ ನಾವು ನೋಡುವುದು ಹೇಗೋ?" ರಾಜನಿಗೆ ಅದೇ ಚಿಂತೆ.

"ಲಂಗೋಟಿ ತೆಗೀರಿ ಬುದ್ಧಿ, ಆಂಟೆನಾ ತಿರುಗಿಸಿ ಕೊಡ್ತೀನಿ. ಅಮ್ಮಣ್ಣಿಯವರ ನಿದ್ದೆಗೆ ಪೆಟ್ಟಿಗೆ ಬೇಕೇಬೇಕು. ಆದರೆ ಆಂಟೆನಾ ಚುಚ್ಚೋ ತೂತು ಇರೋದನ್ನೇ ತಗೊಳ್ಳಿ, ಇಲ್ಲದಿದ್ದರೆ ಅದು ಖಾಲಿ ಜಾಡಿ. ಕಡ್ಡಿ ಆಮೇಲೆ, ಮೊದಲು ಇಂಟರ್ನೆಟ್ಟಿನ ದಾರಿ ಅಗಲ ಮಾಡಿಸಿ."

ರಾಜ ಹಿಗ್ಗಿ, "ಅರ್ಧ ರಾಜ್ಯ ನಿನ್ನದು" ಎಂದ.

"ಬೇಡ ಬುದ್ಧಿ. ಅರ್ಧ ರಾಜ್ಯದ ಹೆಂಚೆಲ್ಲ ನಾನೇ ಕೈಯಾಡಿಸಬೇಕಾಗ್ತದೆ. ಅರಮನೆಯ ರಿಮೋಟು ಕೊಡಿ, ಸಾಕು."

ಅರ್ಧ ರಾಜ್ಯಕ್ಕೆ ಅಳುಕದ ರಾಜ ರಿಮೋಟಿಗೆ ಅಳುಕಿದ. ಆಗ ಇಂದುಮುಖಿ ಎದ್ದು ಬಂದಳು. "ರಿಮೋಟು ನನ್ನ ಕೈಯಲ್ಲಿದೆ. ಬೇಕಾದವನು ಕೈಯನ್ನೂ ಹಿಡಿಯಬೇಕು."

ತಿಪ್ಪೇಶಿ ಧೂಳಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಚಾಚಿದ.

ಅವನಿಗೆ ಸಿಕ್ಕಿದ್ದು ಇಷ್ಟು: ಇಂದುಮುಖಿಯ ಕೈ, ಅದರೊಳಗಿದ್ದ ರಿಮೋಟು.